ಗಿಡ ಕೊಟ್ಟವರು ಹಣ್ಣಾದಾಗ ಎಲ್ಲಿರುತ್ತಾರೆ?

(ಸಾರ್ವಜನಿಕ ಉಪನ್ಯಾಸವೊಂದರ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಾಫಿ ಮತ್ತು ಆದಿವಾಸಿ ಎಂಬ ಎರಡು ಮಾತು ಒಟ್ಟಿಗೆ ಬಂದರೆ ಕರ್ನಾಟಕದವರಾದ ನಮಗೆ ಮೊದಲು ನೆನಪಾಗುವುದು ಕೂಲಿ. ಕೊಡಗಿನ ಲೈನ್‌ಮನೆಗಳು, ಅಲ್ಲಿನ ಯರವರು, ಜೇನುಕುರುಬರು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆಯಲ್ಲಿ ಹಣ್ಣು ಕುಯ್ಯುವ ಕೈಗೂ ತೋಟದ ಪಹಣಿಗೂ ಸಂಬಂಧವಿಲ್ಲ. ಅದು ಬೇರೆಯೇ ಒಂದು ಉಪನ್ಯಾಸ. ಇವತ್ತು ನಾನು ಮಾತಾಡುವುದು ತಮ್ಮದೇ ಒಂದೆರಡು ಎಕರೆಯಲ್ಲಿ ಕಾಫಿ ಬೆಳೆಯುವ ಆದಿವಾಸಿಗಳ ಬಗ್ಗೆ: ಆಂಧ್ರದ ಪಾಡೇರು–ಅರಕು ಬೆಟ್ಟಗಳಲ್ಲಿರುವ ಬಗತ, ಕೊಂಡದೊರ, ಕೋಂದ್, ವಾಲ್ಮೀಕಿ ಕುಟುಂಬಗಳು, ಒಡಿಶಾದ ಕೋರಾಪುಟ್ ಜಿಲ್ಲೆಯವರು, ನಮ್ಮ ಬಿಳಿಗಿರಿರಂಗನ ಬೆಟ್ಟದ ಪೋಡುಗಳ (ಹಾಡಿಗಳ) ಸೋಲಿಗರು. ಇವರ ಬೆನ್ನಿಗೆ ನಿಂತಿದ್ದೇವೆ ಎನ್ನುವ ಸಂಸ್ಥೆಗಳಿಂದ ಇವರ ಬದುಕಿಗೆ ನಿಜಕ್ಕೂ ಏನಾಯಿತು ಎಂಬುದು ವಿಷಯ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಕಾಫಿ ಬೆಳೆಗಾರನಿಗೆ ಸಂಸ್ಥೆ ಯಾಕೆ ಬೇಕು? ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ನೂರು ಎಕರೆ ಇರುವವರಿಗೆ ಬೇಲಿಯೊಳಗೇ ಎಲ್ಲವೂ ಇದೆ. ನರ್ಸರಿ ಇದೆ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಇದೆ, ಸಿಮೆಂಟಿನ ಕಣ ಇದೆ, ಗೋಡೌನ್ ಇದೆ. ಜಮೀನಿನ ಕಾಗದ ತೋರಿಸಿದರೆ ಬ್ಯಾಂಕು ಸಾಲ ಕೊಡುತ್ತದೆ. ದರ ಬಿದ್ದರೆ ಫಸಲನ್ನು ಗೋಡೌನಿನಲ್ಲಿಟ್ಟು ಯುಗಾದಿಯವರೆಗೂ ಕಾಯಬಹುದು. ಒಂದೂವರೆ ಎಕರೆಯ ಆದಿವಾಸಿ ಕುಟುಂಬಕ್ಕೆ ಇವುಗಳಲ್ಲಿ ಒಂದೂ ಇಲ್ಲ. ದೊಡ್ಡ ಬೆಳೆಗಾರನ ಬೇಲಿಯೊಳಗೆ ಇರುವುದನ್ನೆಲ್ಲ ಇವರು ಹೊರಗಿನಿಂದ ಪಡೆಯಬೇಕು. ಕೊಡುವವರು ಯಾರು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಸಹಕಾರಿ ಕೊಡಬಹುದು, ಸರ್ಕಾರ ಕೊಡಬಹುದು, ಸ್ವಯಂಸೇವಾ ಸಂಸ್ಥೆ ಕೊಡಬಹುದು. ಯಾರೂ ಕೊಡದಿದ್ದರೆ ವ್ಯಾಪಾರಿ ಕೊಡುತ್ತಾನೆ. ಅವನು ಸದಾ ಸಿದ್ಧ.

ಪೂರ್ವಘಟ್ಟಕ್ಕೆ ಕಾಫಿ ಹೊಸದೇನಲ್ಲ. ಗೋದಾವರಿ ಸೀಮೆಯ ಪಾಮುಲೇರು ಕಣಿವೆಯಲ್ಲಿ 1898ರಲ್ಲೇ ಬ್ರಿಟಿಷ್ ಅಧಿಕಾರಿಯೊಬ್ಬರು ಬೆಳೆಸಿದ್ದರು. ಅಲ್ಲಿಂದ ಅದು ನಿಧಾನವಾಗಿ ಅರಕಿನ ಕಡೆ ಹರಡಿತು. ಆದರೆ ಬಹಳ ಕಾಲ ಅದು ಸರ್ಕಾರದ ತೋಟವಾಗಿತ್ತು. ಅರಣ್ಯ ಇಲಾಖೆ, ಆಮೇಲೆ ಅರಣ್ಯ ಅಭಿವೃದ್ಧಿ ನಿಗಮ ತೋಟ ಮಾಡಿದವು, ಆದಿವಾಸಿಗಳು ಅದರಲ್ಲಿ ಕೂಲಿ ಮಾಡಿದರು. ಕಾಫಿ ಅವರ ಸ್ವಂತ ಹೊಲಕ್ಕೆ ದೊಡ್ಡ ಪ್ರಮಾಣದಲ್ಲಿ ಇಳಿದದ್ದು 1970ರ ದಶಕದ ನಂತರ, ಪಾಡೇರಿನ ಸಮಗ್ರ ಬುಡಕಟ್ಟು ಅಭಿವೃದ್ಧಿ ಸಂಸ್ಥೆ (ಎಲ್ಲರ ಬಾಯಲ್ಲಿ ಐಟಿಡಿಎ) ಮತ್ತು ಕಾಫಿ ಮಂಡಳಿ ಕೈಜೋಡಿಸಿದ ಮೇಲೆ. ಬೆಟ್ಟದ ಇಳಿಜಾರು ಸುಟ್ಟು ರಾಗಿ, ಸಾಮೆ ಬಿತ್ತುವ ಬೇಸಾಯವನ್ನು ಬಿಡಿಸಬೇಕು, ಕಾಡು ಉಳಿಯಬೇಕು, ಜನರ ಕೈಗೂ ನಾಲ್ಕು ಕಾಸು ಬರಬೇಕು ಎಂಬುದು ಆಗಿನ ಲೆಕ್ಕಾಚಾರ. ಮೊದಲು ಸಿಲ್ವರ್ ಓಕ್ ನೆಟ್ಟು ನೆರಳು ಮಾಡಿಸಿದರು, ಅದರಡಿಯಲ್ಲಿ ಅರೇಬಿಕಾ ಜಾತಿಯ ಕಾಫಿ ನೆಡಿಸಿದರು. ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದರು. ನೆರಳಿಗೆ ಸಿಲ್ವರ್ ಓಕೇ ಯಾಕೆ ಎಂದು ಇವತ್ತಿಗೂ ಜಗಳ ಇದೆ. ಬೇಗ ಬೆಳೆಯುತ್ತದೆ, ಅಷ್ಟೇ ಅದರ ಗುಣ. ಹಲಸು, ಅತ್ತಿ ಇದ್ದ ಜಾಗಕ್ಕೆ ಅದು ಬಂದರೆ ಹಕ್ಕಿಗೂ ಇಲ್ಲ, ಮನುಷ್ಯನ ಹೊಟ್ಟೆಗೂ ಇಲ್ಲ. ನಮ್ಮ ಮಲೆನಾಡಿನವರೂ ಇದೇ ಕೆಲಸ ಮಾಡಿದ್ದೇವೆ, ಹಾಗಾಗಿ ಹೆಚ್ಚು ಮಾತಾಡುವುದಿಲ್ಲ.

ಗಮನಿಸಬೇಕಾದ್ದು, ಅರೇಬಿಕಾ ಗಿಡ ಫಸಲಿಗೆ ಬರಲು ಮೂರು–ನಾಲ್ಕು ವರ್ಷ ಬೇಕು. ಆ ವರ್ಷಗಳಲ್ಲಿ ಗಿಡಕ್ಕೆ ಆರೈಕೆ ಬೇಕು, ಮನೆಗೆ ಅಕ್ಕಿ ಬೇಕು. ಐಟಿಡಿಎ ಆ ಅವಧಿಗೆ ಸಸಿ, ಗುಂಡಿ ತೋಡುವ ಕೂಲಿ, ಗೊಬ್ಬರದ ಹಣ ಕೊಟ್ಟಿತು. ಇದನ್ನು ಯಾರೂ ಹಗುರವಾಗಿ ಕಾಣಬಾರದು. ಖಾಸಗಿ ವ್ಯಾಪಾರಿ ನಾಲ್ಕು ವರ್ಷದಾಚೆಯ ಫಸಲಿಗೆ ಇವತ್ತು ಹಣ ಹಾಕುವುದಿಲ್ಲ. ಇವತ್ತು ಪಾಡೇರು, ಅರಕು ಸೇರಿರುವ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯ ಬೆಟ್ಟಗಳಲ್ಲಿ ಅಷ್ಟು ವಿಸ್ತಾರದ ಕಾಫಿ ಇದ್ದರೆ ಅದು ಸಾರ್ವಜನಿಕ ಹಣದಿಂದ ಆದದ್ದು.

ಆದರೆ ಗಿಡ ನೆಡಿಸುವುದು ಸಂಸ್ಥೆಗಳಿಗೆ ಸುಲಭದ ಕೆಲಸ. ಅದಕ್ಕೆ ಗುರಿ ಇಡಬಹುದು, ಫೋಟೊ ತೆಗೆಯಬಹುದು, ಮಾರ್ಚ್ ಕೊನೆಗೆ ಖರ್ಚು ತೋರಿಸಬಹುದು. ಕಷ್ಟದ ಕೆಲಸ ಶುರುವಾಗುವುದು ನವೆಂಬರಿನಲ್ಲಿ, ಹಣ್ಣು ಕೆಂಪಾದಾಗ. ಈಗ ನಿಧಾನಕ್ಕೆ ಆ ದಿನಗಳಿಗೆ ಬರೋಣ.

ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದ ಒಂದು ಹಾಡಿ ಎಂದುಕೊಳ್ಳಿ. ಮನೆಯ ಹೆಂಗಸರು ಬೆಳಗಿನಿಂದ ಹಣ್ಣು ಕುಯ್ದು ಸಂಜೆ ಚೀಲ ಹೊತ್ತು ಇಳಿದಿದ್ದಾರೆ. ಅರೇಬಿಕಾ ಹಣ್ಣನ್ನು ಪಾರ್ಚ್‌ಮೆಂಟ್ (ಸಿಪ್ಪೆ, ಲೋಳೆ ತೆಗೆದು ಒಣಗಿಸಿದ ಕಾಳು) ಮಾಡಬೇಕೆಂದರೆ ಅದೇ ದಿನ ಸಿಪ್ಪೆ ಬಿಡಿಸಬೇಕು. ರಾತ್ರಿಯಿಡೀ ಚೀಲದಲ್ಲಿ ಬಿಟ್ಟರೆ ಬಿಸಿಯೇರಿ ಹುಳಿ ಬರುತ್ತದೆ. ಬಿಡಿಸಲು ಪಲ್ಪರ್ ಬೇಕು, ಲೋಳೆ ಕಳೆದು ತೊಳೆಯಲು ನೀರು ಬೇಕು, ವಾರಗಟ್ಟಲೆ ಒಣಗಿಸಲು ಜಾಗ ಬೇಕು. ಇವಿಲ್ಲದ ಮನೆಯವರು ಹಣ್ಣನ್ನು ಹಾಗೇ ಅಂಗಳದಲ್ಲಿ ಸುರಿಯುತ್ತಾರೆ. ಮಣ್ಣಿನ ನೆಲ, ಮೇಲಿಂದ ಮಂಜು, ನಡುವೆ ಕೋಳಿ. ಎರಡು ವಾರ ಕಳೆದ ಮೇಲೆ ಅದು ಒಣ ಚೆರಿ. ಒಳ್ಳೆಯ ಹಣ್ಣೇ ಆಗಿದ್ದರೂ ಮಣ್ಣಿನ ವಾಸನೆ ಹಿಡಿದಿರುತ್ತದೆ, ದರ ಇಳಿದಿರುತ್ತದೆ. ಆಮೇಲೆ ವಾರದ ಸಂತೆ. ವ್ಯಾಪಾರಿ ಚೀಲಕ್ಕೆ ಕೈ ಹಾಕಿ ನಾಲ್ಕು ಕಾಳು ಬಾಯಿಗೆ ಹಾಕಿ ಕಚ್ಚುತ್ತಾನೆ. ‘ಇನ್ನೂ ಹಸಿ ಇದೆ’ ಎನ್ನುತ್ತಾನೆ. ಇರಬಹುದು, ಇಲ್ಲದೆಯೂ ಇರಬಹುದು. ಕಾಫಿ ಸೀಮೆಯವರಿಗೆ ಔಟ್‌ಟರ್ನ್ ಲೆಕ್ಕ ಗೊತ್ತು. 50 ಕಿಲೋ ಒಣ ಚೆರಿಗೆ ಸುಮಾರು 26 ಕಿಲೋ ಕಾಳು ಬರಬೇಕು. ವ್ಯಾಪಾರಿ 24 ಎಂದರೆ ಚೀಲಕ್ಕೆ ಎರಡು ಕಿಲೋ ಕಾಳು ಬರೀ ಮಾತಿನಲ್ಲಿ ಹೋಯಿತು. ಮೇಲಿಂದ ಗೋಣಿಯ ತೂಕವೆಂದು ಒಂದಿಷ್ಟು ಮುರಿದುಕೊಳ್ಳುತ್ತಾನೆ. ಇದಕ್ಕೆಲ್ಲ ಎದುರಾಡುವಂತೆಯೂ ಇಲ್ಲ, ಯಾಕೆಂದರೆ ಮಳೆಗಾಲದಲ್ಲಿ ಮನೆಯಲ್ಲಿ ಜ್ವರ ಬಿದ್ದಾಗ, ಮಗಳ ಮದುವೆಗೆ ಕೈಸಾಲ ಬೇಕಾದಾಗ ಕೊಟ್ಟವನು ಅವನೇ. ಗಿಡದ ಮೇಲಿದ್ದಾಗಲೇ ಫಸಲು ಅವನದಾಗಿದೆ.

ಯಾವ ಸಂಸ್ಥೆ ಬದುಕು ಬದಲಿಸಿತು ಎಂದು ಕೇಳಿದರೆ ನಾನು ನೋಡುವುದು ಈ ಎರಡು–ಮೂರು ವಾರಗಳನ್ನು ಮಾತ್ರ. ಆ ಸಂಜೆ ಹಣ್ಣಿನ ಚೀಲದ ಪಕ್ಕ ಯಾರು ನಿಂತಿದ್ದರು?

ಅರಕಿನಲ್ಲಿ ಎರಡು ಬಗೆಯ ಉತ್ತರ ಸಿಗುತ್ತದೆ. ಒಂದು ಗಿರಿಜನ ಸಹಕಾರಿ ನಿಗಮ, ಅಂದರೆ ಜಿಸಿಸಿ. 1956ರಲ್ಲಿ ಹುಟ್ಟಿದ್ದು. ಜೇನು, ಹುಣಸೆ, ಅಂಟು ಮುಂತಾದ ಕಾಡುತ್ಪನ್ನ ಕೊಳ್ಳುವುದು, ಅಕ್ಕಿ, ಎಣ್ಣೆ, ಸೋಪು ಮಾರುವುದು ಅದರ ಹಳೆಯ ಕೆಲಸ. ಆಮೇಲೆ ಕಾಫಿಗೂ ಇಳಿಯಿತು. ಅದು ಹಂಗಾಮಿಗೆ ದರ ಸಾರಿ ಪಾರ್ಚ್‌ಮೆಂಟ್, ಚೆರಿ ಎರಡನ್ನೂ ಕೊಳ್ಳುತ್ತದೆ. ಇನ್ನೊಂದು ನಾಂದಿ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆ ಬೆಳೆದ ಬೆಳೆಗಾರರ ಸಹಕಾರ ಸಂಘದ ದಾರಿ. ಇವರು ಕೊಳ್ಳುವುದು ಹಸಿ ಹಣ್ಣನ್ನೇ. ಮಾಗಿದ ಹಣ್ಣು ಮಾತ್ರ. ಪಲ್ಪಿಂಗ್, ತೊಳೆಯುವುದು, ಒಣಗಿಸುವುದು ಎಲ್ಲ ಒಂದೇ ಕಡೆ, ಸಂಘದ ಘಟಕದಲ್ಲಿ.

ನೋಡಲು ಸಣ್ಣ ವ್ಯತ್ಯಾಸ. ಆದರೆ ಮೊದಲನೆಯದರಲ್ಲಿ ಒಣಗಿಸುವ ಕಷ್ಟನಷ್ಟ ಬೆಳೆಗಾರರ ತಲೆಯ ಮೇಲಿದೆ. ಮಂಜು ಬಿದ್ದು ಕಾಳು ಕೆಟ್ಟರೆ ಅವರದೇ ನಷ್ಟ. ಎರಡನೆಯದರಲ್ಲಿ ಆ ಕಷ್ಟ ಸಂಜೆಗೇ ಸಂಸ್ಥೆಯ ಹೆಗಲಿಗೆ ದಾಟುತ್ತದೆ. ಅದಕ್ಕೆ ಬದಲಾಗಿ ಬೆಳೆಗಾರರು ಒಂದು ಶಿಸ್ತಿಗೆ ಒಪ್ಪಬೇಕು. ಹಸಿರು ಕಾಯಿ ಬೆರೆಸುವಂತಿಲ್ಲ, ಒಂದೇ ಗಿಡಕ್ಕೆ ಮೂರು–ನಾಲ್ಕು ಸಲ ಕುಯ್ಲಿಗೆ ಹೋಗಬೇಕು. ಕೆಲಸ ಹೆಚ್ಚು, ದರವೂ ಹೆಚ್ಚು. ಅದೇ ಹಣ್ಣು 2017ರಲ್ಲಿ ಪ್ಯಾರಿಸ್ಸಿನಲ್ಲಿ ಅರಕು ಹೆಸರಿನ ಅಂಗಡಿ ತೆರೆಯುವ ಮಟ್ಟಕ್ಕೆ ಹೋಯಿತು, 2021ರಲ್ಲಿ ಬೆಂಗಳೂರಿನ ಇಂದಿರಾನಗರಕ್ಕೂ ಬಂತು. ಪತ್ರಿಕೆಗಳು ಪ್ಯಾರಿಸ್ಸನ್ನು ಬರೆದವು. ನನಗೆ ಅದಕ್ಕಿಂತ ದೊಡ್ಡ ಸುದ್ದಿ, ಘಾಟಿ ರಸ್ತೆಯಲ್ಲಿ ಹಣ್ಣಿನ ಚೀಲ ತುಂಬಿಕೊಳ್ಳಲು ಸಂಜೆ ಬರುವ ವಾಹನ. ಅದು ಒಂದು ದಿನ ಬರದಿದ್ದರೆ ಪ್ಯಾರಿಸ್ಸಿಗೂ ಕಾಫಿ ಇಲ್ಲ.

2019ರಲ್ಲಿ ಅರಕು ಅರೇಬಿಕಾಕ್ಕೆ ಭೌಗೋಳಿಕ ಸೂಚಿ (ಇಂಥ ಸೀಮೆಯದೇ ಸರಕು ಎಂದು ಗುರುತಿಸುವ ಜಿಐ ಮುದ್ರೆ) ಮಾನ್ಯತೆ ಸಿಕ್ಕಿತು. ನಮ್ಮ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೂ ಆಗಲೇ ಸಿಕ್ಕಿದ್ದು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುದ್ರೆ ಹಾಕಿಕೊಂಡು ಮಾರಲು ಹಿಂದೆ ಒಂದು ಸಂಘ ಬೇಕು, ಸಂಘವಿಲ್ಲದವರಿಗೆ ಅದು ಗೋಡೆಯ ಮೇಲಿನ ಪ್ರಮಾಣಪತ್ರ.

ಇಲ್ಲಿ ನನ್ನ ಮುಖ್ಯವಾದ ಮಾತು ಹೇಳಿಬಿಡುತ್ತೇನೆ. ಸಂಸ್ಥೆಯ ಪರಿಣಾಮ ಅಳೆಯುವವರು ಸಾಮಾನ್ಯವಾಗಿ ಸಂಸ್ಥೆ ಎಷ್ಟು ಟನ್ ಕೊಂಡಿತು, ಎಷ್ಟು ಜನ ಸದಸ್ಯರಿದ್ದಾರೆ ಎಂದು ನೋಡುತ್ತಾರೆ. ನಾನು ನೋಡುವುದು ಸಂತೆಯಲ್ಲಿ ವ್ಯಾಪಾರಿ ಹೇಳುವ ದರವನ್ನು. ಸಹಕಾರಿ ಸಂಸ್ಥೆಯ ತಕ್ಕಡಿ ಎರಡು ಮೈಲಿ ದೂರದಲ್ಲಿದೆ, ಅಲ್ಲಿ ಕೈಗೆ ಹಣ ಸಿಗುತ್ತದೆ ಎಂದು ಊರಿಗೆ ಗೊತ್ತಿದ್ದರೆ ವ್ಯಾಪಾರಿಯ ನಾಲಗೆ ಮೆದುವಾಗುತ್ತದೆ. ‘ಇನ್ನೂ ಹಸಿ ಇದೆ’ ಎನ್ನುವ ಮುಂಚೆ ಎರಡು ಸಲ ಯೋಚಿಸುತ್ತಾನೆ. ಹೀಗೆ ಸಂಸ್ಥೆಗೆ ಒಂದು ಕಾಳೂ ಮಾರದ ಕುಟುಂಬಕ್ಕೂ ಸಂಸ್ಥೆಯಿಂದ ಲಾಭವಾಗಿರುತ್ತದೆ, ಯಾವ ವಾರ್ಷಿಕ ವರದಿಯಲ್ಲೂ ಅದು ಕಾಣುವುದಿಲ್ಲ. ಇದೇ ತರ್ಕ ತಿರುಗಿಸಿದರೂ ನಿಜ. ದರ ಸಾರುವುದನ್ನು ತಡಮಾಡುವ, ಚೆಕ್ಕು ಬರುತ್ತದೆ ಎಂದು ಫೆಬ್ರುವರಿವರೆಗೂ ಸತಾಯಿಸುವ ಸಂಸ್ಥೆ, ಕಾಗದದ ಮೇಲೆ ಕಿಲೋಗೆ ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟರೂ ಜನ ವ್ಯಾಪಾರಿಯ ಕಡೆಗೇ ಹೋಗುತ್ತಾರೆ. ಅವರಿಗೆ ತಿಳಿವಳಿಕೆ ಇಲ್ಲ ಎಂದು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ತಿಳಿವಳಿಕೆ ಇರುವುದರಿಂದಲೇ ಹೋಗುತ್ತಾರೆ. ಸಂಕ್ರಾಂತಿಗೆ ಬೇಕಾದ ಹಣ ಹೋಳಿ ಹಬ್ಬಕ್ಕೆ ಬಂದರೆ ಆ ಹಣ ಬೇರೆಯೇ.

ಹಣ ತಡವಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾಫಿ ಸೀಮೆಯಲ್ಲೇ ದೊಡ್ಡ ಇತಿಹಾಸವಿದೆ. 1942ರ ಕಾಫಿ ಕಾಯ್ದೆಯ ನಂತರ ದಶಕಗಳ ಕಾಲ ಬೆಳೆಗಾರರೆಲ್ಲ ಫಸಲನ್ನು ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಎಲ್ಲರದನ್ನೂ ಒಟ್ಟುಗೂಡಿಸಿ ಮಾರುತ್ತಿದ್ದದ್ದು ಮಂಡಳಿಯೇ. ಮುಂಗಡ ಒಂದಿಷ್ಟು, ಉಳಿದದ್ದು ಕಂತುಕಂತಾಗಿ. ಹಿರಿಯರು ಅದನ್ನು ಬೈಯುತ್ತಲೂ ಇದ್ದರು, ನೆಚ್ಚಿಕೊಂಡೂ ಇದ್ದರು, ಯಾಕೆಂದರೆ ದರ ಪಾತಾಳಕ್ಕೆ ಇಳಿಯದಂತೆ ಅದೊಂದು ತಡೆಯಾಗಿತ್ತು. 1992ರಿಂದ ಹಂತಹಂತವಾಗಿ ಮುಕ್ತ ಮಾರಾಟಕ್ಕೆ ಅವಕಾಶವಾಗಿ 1996ರ ಹೊತ್ತಿಗೆ ಪೂಲ್ ಮುಗಿಯಿತು. ದೊಡ್ಡ ಬೆಳೆಗಾರರು ಗೆದ್ದೆವು ಎಂದರು. ಐದೇ ವರ್ಷದಲ್ಲಿ, 2001ರಲ್ಲಿ, ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಕುಸಿಯಿತು. 2025ರ ಫೆಬ್ರುವರಿಯಲ್ಲಿ ಅದೇ ಮಾರುಕಟ್ಟೆಯಲ್ಲಿ 4 ಡಾಲರ್ ದಾಟಿತು. ಎಂಟು ಪಟ್ಟಿಗೂ ಮೀರಿದ ಈ ಏರಿಳಿತವನ್ನು ಗೋಡೌನ್ ಇಲ್ಲದ ಮನೆ ತಡೆದುಕೊಳ್ಳುವುದು ಹೇಗೆ? ಬಿದ್ದಾಗ ಪೂರ್ತಿ ಬೀಳುತ್ತದೆ, ಏರಿದಾಗ ಏರಿಕೆಯ ಸುದ್ದಿ ತಲುಪುವ ಮುಂಚೆಯೇ ಚೀಲ ಕೈಬಿಟ್ಟು ಹೋಗಿರುತ್ತದೆ.

ಇನ್ನು ಜಮೀನಿನ ಕಾಗದ. ಕಾಫಿಯ ಬಗ್ಗೆ ಮಾತಾಡುವವರು ಕಂದಾಯ ಇಲಾಖೆಯನ್ನು, ಅರಣ್ಯ ಇಲಾಖೆಯನ್ನು ಬೆಂಬಲದ ಸಂಸ್ಥೆಗಳ ಪಟ್ಟಿಗೆ ಸೇರಿಸುವುದಿಲ್ಲ. ನನ್ನ ಪಟ್ಟಿಯಲ್ಲಿ ಅವೇ ಮೊದಲು.

ಅರಕು ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ, ಅಂದರೆ ಆದಿವಾಸಿಗಳಿಗೆ ವಿಶೇಷ ರಕ್ಷಣೆ ಇರುವ ಸೀಮೆ. ಅಲ್ಲಿ 1970ರ ಭೂ ವರ್ಗಾವಣೆ ನಿಯಮ (ಜನ ಅದನ್ನು ‘ಒನ್ ಆಫ್ ಸೆವೆಂಟಿ’ ಎನ್ನುತ್ತಾರೆ) ಆದಿವಾಸಿಯ ಜಮೀನು ಹೊರಗಿನವರ ಕೈಗೆ ಹೋಗದಂತೆ ತಡೆಯುತ್ತದೆ. ಕಾಫಿಗೆ ಬೆಲೆ ಬಂದ ಮೇಲೂ ಅರಕಿನಲ್ಲಿ ಎಸ್ಟೇಟ್ ಮಾಲೀಕರು ಹುಟ್ಟಿಕೊಳ್ಳದಿರಲು ಅದು ದೊಡ್ಡ ಕಾರಣ. ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶವೇ ಇಲ್ಲ. ನಮ್ಮ ಬೆಟ್ಟಗಳಲ್ಲಿ ಎಸ್ಟೇಟ್ ಮೊದಲು ಬಂತು, ಆದಿವಾಸಿಯ ಹಕ್ಕು ಬಹಳ ಆಮೇಲೆ ಬಂತು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಧಾಮವಾದಾಗ ಸೋಲಿಗರ ಬೇಸಾಯಕ್ಕೆ, ಬೇಟೆಗೆ ತಡೆ ಬಿತ್ತು, ಪೋಡುಗಳು ಒಂದೆಡೆ ಸೇರಬೇಕಾಯಿತು. ಮನೆಯ ಹಿತ್ತಲಿನ, ಪಕ್ಕದ ತುಂಡು ನೆಲದ ಕಾಫಿ ಅವರಿಗೆ ಮುಖ್ಯವಾಗತೊಡಗಿದ್ದು ಹೀಗೆ ಉಳಿದೆಲ್ಲ ದಾರಿ ಕಿರಿದಾದಾಗ. 2006ರಲ್ಲಿ ಜೇನು, ನೆಲ್ಲಿ, ಪಾಚಿ ತಂದು ಮಾರುವುದಕ್ಕೂ ನಿಷೇಧ ಬಂದಾಗ ಅವುಗಳನ್ನು ಕೊಳ್ಳುತ್ತಿದ್ದ ಲ್ಯಾಂಪ್ಸ್ ಸೊಸೈಟಿಗಳೇ (ಆದಿವಾಸಿಗಳ ಸಹಕಾರ ಸಂಘಗಳೇ) ಬಡವಾದವು. ಒಂದು ಸಂಸ್ಥೆ ನಡೆಯಲು ಬೇಕಾದ ಸರಕನ್ನು ಇನ್ನೊಂದು ಸಂಸ್ಥೆಯ ಆದೇಶ ನಿಲ್ಲಿಸಿತು. ಆಮೇಲೆ 2011ರಲ್ಲಿ, ಅದೇ ಕಾಡು ಹುಲಿ ರಕ್ಷಿತಾರಣ್ಯವಾದ ವರ್ಷವೇ, ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕು ಸಿಕ್ಕಿತು. ಹುಲಿ ರಕ್ಷಿತಾರಣ್ಯದೊಳಗೆ ಹಾಗೆ ಆದದ್ದು ದೇಶದಲ್ಲೇ ಮೊದಲು.

ಈ ಕಾಯ್ದೆಯ ಹಕ್ಕುಪತ್ರದಲ್ಲಿ ಒಂದು ಒಳ್ಳೆಯ ಅಂಶವಿದೆ, ಗಂಡ–ಹೆಂಡತಿ ಇಬ್ಬರ ಹೆಸರೂ ಇರಬೇಕು. ಕುಯ್ಲಿನ ಬಹುಪಾಲು ಕೆಲಸ ಮಾಡುವ ಹೆಂಗಸರಿಗೆ ಸಂಘದ ಸದಸ್ಯತ್ವ ಕೇಳಲು ಅದೊಂದೇ ಕೈಗೆ ಸಿಗುವ ಆಧಾರ. ಒಂದು ತೊಡಕೂ ಇದೆ. ಆ ಜಮೀನು ಮಕ್ಕಳಿಗೆ ಹೋಗುತ್ತದೆಯೇ ಹೊರತು ಮಾರುವಂತಿಲ್ಲ. ಮಾರಲಾಗದ್ದನ್ನು ಅಡಮಾನ ಇಟ್ಟುಕೊಳ್ಳಲು ಬ್ಯಾಂಕ್ ಮ್ಯಾನೇಜರರಿಗೆ ಮನಸ್ಸಾಗುವುದಿಲ್ಲ. ಮಾರುವಂತಿರಬೇಕು ಎಂದು ನಾನು ಹೇಳುತ್ತಿಲ್ಲ. ಮಾರುವಂತಿದ್ದರೆ ಹತ್ತು ವರ್ಷದಲ್ಲಿ ಜಮೀನೇ ಇರುವುದಿಲ್ಲ. ಹಾಗಾಗಿ ಜಮೀನಿನ ಬದಲು ಫಸಲನ್ನು, ಸಂಘದ ಹೊಣೆಯನ್ನು ನಂಬಿ ಸಾಲ ಕೊಡುವ ವ್ಯವಸ್ಥೆ ಬೇಕು. ಅದಿಲ್ಲದ ಕಡೆ ಮಳೆಗಾಲದ ಸಾಲ ಮತ್ತೆ ವ್ಯಾಪಾರಿಯದೇ.

ರೋಗ–ಕೀಟದ ಮಾತಿಗೆ ಬಂದರೆ ಸಂಸ್ಥೆಯ ಅಗತ್ಯ ಇನ್ನೂ ಕಣ್ಣಿಗೆ ಕಾಣುತ್ತದೆ. ಕಾಯಿಕೊರಕ ಭಾರತಕ್ಕೆ ಬಂದದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿಗೆ. ಅರಕು ಅದರಿಂದ ದಶಕಗಳ ಕಾಲ ತಪ್ಪಿಸಿಕೊಂಡಿತ್ತು. 2025ರಲ್ಲಿ ಅಲ್ಲೂ ಕಾಣಿಸಿಕೊಂಡಿತು. ಎಳ್ಳಿನ ಕಾಳಿಗಿಂತ ಸಣ್ಣ ದುಂಬಿ, ಕಾಯಿಯ ತುದಿಯಲ್ಲಿ ಸೂಜಿಯಿಂದ ಚುಚ್ಚಿದಂಥ ತೂತು, ಒಳಗೆ ಇಡೀ ಸಂಸಾರ. ಇದಕ್ಕೆ ಒಬ್ಬರ ತೋಟದಲ್ಲಿ ಮದ್ದು ಮಾಡಿ ಪ್ರಯೋಜನವಿಲ್ಲ. ಗಿಡದಲ್ಲಿ ಒಂದು ಕಾಯಿ ಉಳಿಯದಂತೆ ಕುಯ್ಯಬೇಕು, ನೆಲಕ್ಕೆ ಬಿದ್ದದ್ದನ್ನು ಆರಿಸಬೇಕು, ಸೋಂಕು ತಗುಲಿದ್ದನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಬೇಕು ಇಲ್ಲವೇ ಆಳಕ್ಕೆ ಹೂಳಬೇಕು. ಇಡೀ ಊರು ಇದನ್ನು ಒಟ್ಟಿಗೆ ಮಾಡಬೇಕು. ಒಂದು ಮನೆ ಬಿಟ್ಟರೂ ಮುಂದಿನ ಹೂಮಳೆ ಬಿದ್ದು ಕಾಯಿ ಕಟ್ಟುವ ಹೊತ್ತಿಗೆ ಅಲ್ಲಿಂದಲೇ ಮತ್ತೆ ಹೊರಡುತ್ತದೆ. ಸೋಂಕಿನ ಕಾಯಿಯನ್ನು ನಾಶ ಮಾಡು ಎಂದು ಬಡವರಿಗೆ ಹೇಳುವವರು ಅದರ ಬೆಲೆಯನ್ನು ಕೈಗಿಡಬೇಕು. ಇಲ್ಲವಾದರೆ ಆ ಕಾಯಿ ರಾತ್ರೋರಾತ್ರಿ ಸಂತೆಗೆ ಹೋಗುತ್ತದೆ, ಕೊರಕವೂ ಜೊತೆಗೆ ಪಕ್ಕದ ಕಣಿವೆಗೆ ಹೋಗುತ್ತದೆ. ಪರಿಹಾರ ಇಲ್ಲಿ ದಾನವಲ್ಲ, ಕೀಟನಿಯಂತ್ರಣದ ಖರ್ಚು.

ಯುರೋಪಿನ ಹೊಸ ನಿಯಮದ ಬಗ್ಗೆ ಕೇಳಿರುತ್ತೀರಿ. 2020ರ ಡಿಸೆಂಬರ್ ನಂತರ ಕಾಡು ಕಡಿದು ಬೆಳೆದ ಕಾಫಿ ಬೇಡ, ಪ್ರತಿ ತೋಟದ ನಕಾಶೆಯ ಗುರುತು ಕೊಡಿ ಎನ್ನುವುದು ಅದರ ಸಾರ. ಜಾರಿ ಮುಂದಕ್ಕೆ ಹೋಗುತ್ತಲೇ ಇದೆ, ಆದರೆ ಬರುವುದು ಖಚಿತ. ಕಾಡಿನ ನೆರಳಲ್ಲೇ ಬೆಳೆಯುವ ಆದಿವಾಸಿಯ ಕಾಫಿಗೆ ಇದು ಅನುಕೂಲವೇ ಆಗಬೇಕು. ಆದರೆ ಹಕ್ಕುಪತ್ರವಿಲ್ಲದ, ಯಾವ ಕಡತದಲ್ಲೂ ಇಲ್ಲದ ತುಂಡು ನೆಲದ ಕಾಫಿ ಎಷ್ಟೇ ಹಸಿರಾಗಿದ್ದರೂ ಲೆಕ್ಕಕ್ಕಿಲ್ಲ. ಅದನ್ನು ಲೆಕ್ಕಕ್ಕೆ ತರುವ ಕೆಲಸವನ್ನು ಕಾಫಿ ಮಂಡಳಿಯೋ ಸಹಕಾರಿಯೋ ಈಗಲೇ ಮಾಡಬೇಕು.

ಕೊನೆಗೆ ಸಭಿಕರೊಬ್ಬರು ಒಂದು ಪ್ರಶ್ನೆ ಕೇಳಿದರು. ‘ಇಷ್ಟೆಲ್ಲ ಯಾಕೆ ಸರ್? ಮನೆಗೊಂದು ಸಣ್ಣ ಪಲ್ಪರ್ ಸಬ್ಸಿಡಿಯಲ್ಲಿ ಕೊಟ್ಟುಬಿಟ್ಟರೆ ಅವರೇ ಪಾರ್ಚ್‌ಮೆಂಟ್ ಮಾಡಿಕೊಳ್ಳುವುದಿಲ್ಲವೇ?’

ಕೊಟ್ಟಿದ್ದಾರೆ, ಕೆಲವು ಕಡೆ ಚೆನ್ನಾಗಿ ನಡೆದಿದೆ. ಕೈಯಿಂದ ತಿರುಗಿಸುವ ಬೇಬಿ ಪಲ್ಪರ್ ಒಳ್ಳೆಯ ಯಂತ್ರ. ಆದರೆ ಬೆಟ್ಟದ ಮೇಲಿನ ಊರಿನಲ್ಲಿ ಜನವರಿಯಲ್ಲಿ ಹೆಂಗಸರು ಕುಡಿಯುವ ನೀರಿಗೇ ಊಟೆಯವರೆಗೆ ಇಳಿಯಬೇಕು. ಕಾಫಿ ತೊಳೆಯುವ ನೀರನ್ನು ಹೊರುವವರೂ ಅವರೇ. ತೊಳೆದ ಮೇಲೆ ಉಳಿಯುವ ಹುಳಿನೀರನ್ನು ಎಲ್ಲಿ ಬಿಡುತ್ತೀರಿ? ಅದೇ ಊಟೆಗೆ ಇಳಿಯುತ್ತದೆ. ಪಲ್ಪರಿನ ತಾಮ್ರದ ಹಾಳೆ ಸವೆದರೆ ಕಾಳು ಕತ್ತರಿಸುತ್ತದೆ, ಬದಲಾಯಿಸಲು ಪೇಟೆಗೇ ಬರಬೇಕು. ಹಾಗಾಗಿ ಮನೆಗೊಂದು ಬೇಡ. ಐದಾರು ಮನೆಗೆ ಒಂದು ಪಲ್ಪರ್, ನೀರಿನ ಜಾಗದಲ್ಲಿ ಒಂದು ತೊಟ್ಟಿ, ಕೊಳೆನೀರಿಗೆ ದೂರದಲ್ಲಿ ಒಂದು ಗುಂಡಿ, ನೆಲ ಮುಟ್ಟದಂತೆ ಒಣಗಿಸಲು ಬಿದಿರಿನ ಅಟ್ಟ. ಬಿಡಿಭಾಗ ತಂದುಕೊಡುವ, ಲೆಕ್ಕ ಬರೆಯುವ ಒಬ್ಬ ಹುಡುಗನಿಗೋ ಹುಡುಗಿಗೋ ವರ್ಷಪೂರ್ತಿ ಸಂಬಳ. ಅಂದಾಜುಪಟ್ಟಿಗಳಲ್ಲಿ ಯಂತ್ರಕ್ಕೆ ಹಣ ಸುಲಭವಾಗಿ ಸಿಗುತ್ತದೆ. ಈ ಕೊನೆಯ ಸಂಬಳಕ್ಕೆ ತಲೆಬರಹವೇ ಇರುವುದಿಲ್ಲ.